ಮನಸ್ಸಿನ ಬೇನೆಗೆ ಮನೆಯಲ್ಲಿದ್ದೇ ಚಿಕಿತ್ಸೆ

ಬೆಳೆಗೆ ರೋಗ ತಗುಲಿದರೆ ನಮ್ಮ ರೈತರು ಎಲೆಯನ್ನು ಕಿತ್ತು, ವಸ್ತ್ರದಲ್ಲಿ ಕಟ್ಟಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಬರುತ್ತಾರೆ. ದನಕ್ಕೆ ಜ್ವರ ಬಂದರೆ ಪಶುವೈದ್ಯರನ್ನು ಕರೆಸುತ್ತಾರೆ. ಆದರೆ ಮನೆಯ ಯಜಮಾನನು ಕುಡಿತಕ್ಕೆ ಬಿದ್ದರೆ, ಇಲ್ಲವೆ ಮನೆಯೊಡತಿಯು ತಿಂಗಳುಗಟ್ಟಲೆ ನಿದ್ರೆಯಿಲ್ಲದೆ ಮಂಕಾಗಿ ಕುಳಿತರೆ, ಆ ಮಾತನ್ನು ಹೊಸಿಲು ದಾಟಲು ಬಿಡುವುದಿಲ್ಲ. ಬೇಸಾಯ ಶಾಸ್ತ್ರದವನಿಗೆ ಈ ವಿಷಯವೇಕೆ ಎಂದು ಓದುಗರಿಗೆ ಅನಿಸಬಹುದು. ಬೀಜ, ಗೊಬ್ಬರ, ನೀರು ಎಷ್ಟೇ ಸಕಾಲಕ್ಕೆ ಒದಗಿದರೂ ಅವನ್ನು ಹೊಲಕ್ಕೆ ಹಾಕಬೇಕಾದ ಕೈ ನಡುಗುತ್ತಿದ್ದರೆ ನಮ್ಮ ಶಿಫಾರಸುಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತವೆ. ಆದುದರಿಂದ ಇದು ಕೃಷಿಯ ವಿಷಯವೂ ಹೌದು ಎಂಬುದು ನನ್ನ ದೃಢ ಅಭಿಪ್ರಾಯ.

ಜನರು ಚಿಕಿತ್ಸೆಗೆ ಹೋಗದಿರಲು ನಾಚಿಕೆ ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಚಿಕಿತ್ಸೆಯೆಂದರೆ ದೂರದ ಊರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕುವುದು, ಸಾವಿರಾರು ರೂಪಾಯಿ ಸುರಿಯುವುದು, ಬಿತ್ತನೆಯ ಹದವನ್ನು ಕಳೆದುಕೊಳ್ಳುವುದು ಎಂದು ಬಹು ಮಂದಿ ನಂಬಿದ್ದಾರೆ. ವಾಸ್ತವ ಹಾಗಿಲ್ಲ. ಖಿನ್ನತೆ, ಆತಂಕ, ಕುಡಿತದ ಚಟ ಇವುಗಳ ಬಹುಪಾಲು ಪ್ರಕರಣಗಳಲ್ಲಿ ರೋಗಿಯು ಹೊರರೋಗಿಯಾಗಿಯೇ ಗುಣ ಹೊಂದಬಹುದು. ಸಂತೆಯ ದಿನ ತಾಲ್ಲೂಕಿಗೆ ಹೋಗಿ, ವೈದ್ಯರನ್ನು ಕಂಡು, ಔಷಧಿ ಪಡೆದು ಸಂಜೆಗೆ ಮನೆಗೆ ಮರಳಬಹುದು.

ಅಂಕಿ ಅಂಶಗಳು ಹೇಳುವುದೇನು?

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ, ಆತಂಕಗಳಂತಹ ಸಾಮಾನ್ಯ ಬೇನೆಯಿದ್ದವರಲ್ಲಿ ನೂರಕ್ಕೆ 85 ಮಂದಿಗೂ, ಮದ್ಯದ ತೊಂದರೆಯಿದ್ದವರಲ್ಲಿ ನೂರಕ್ಕೆ 86 ಮಂದಿಗೂ ಚಿಕಿತ್ಸೆಯೇ ದೊರೆತಿರಲಿಲ್ಲ. 2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ಪ್ರಕಟಿಸಿದ ವರದಿಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು.

ಈ ಅಂಕಿಗಳನ್ನು ರೈತರು ತಮ್ಮ ಭಾಷೆಯಲ್ಲಿ ಓದಿಕೊಳ್ಳಬೇಕು. ಮದ್ದು ಇದ್ದೂ, ನೂರು ಎಕರೆಯಲ್ಲಿ 85 ಎಕರೆಗೆ ಅದನ್ನು ಹಾಕದೆ ಬಿಟ್ಟಂತಹ ಸ್ಥಿತಿ ಇದು. ಅಷ್ಟೂ ಜನರನ್ನು ಆಸ್ಪತ್ರೆಯ ಹಾಸಿಗೆಗೆ ಸೇರಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಹೊರರೋಗಿ ಚಿಕಿತ್ಸೆಯನ್ನು ಹಳ್ಳಿಯ ಸಮೀಪಕ್ಕೆ ತರುವುದೊಂದೇ ಕಾರ್ಯಸಾಧ್ಯವಾದ ಮಾರ್ಗ.

ಇದು ನಮ್ಮ ನಾಡಿಗೆ ಹೊಸ ಮಾತೇನೂ ಅಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಬಳಿಕ, ನಿಮ್ಹಾನ್ಸ್ ತಜ್ಞರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಗಳಿಗೆ ಅಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಿದರು. ಈ ಬಳ್ಳಾರಿ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ನಮ್ಮದೇ ಒಣಭೂಮಿಯಲ್ಲಿ ಮೊಳೆತ ಬೀಜವನ್ನು ದೇಶವೆಲ್ಲ ಬಿತ್ತಿಕೊಂಡಿದೆ. ನಾವೇ ಅದರ ಫಲವನ್ನು ಪಡೆಯದಿರುವುದು ವಿಷಾದದ ಸಂಗತಿ.

ಕುಡಿತದ ಚಿಕಿತ್ಸೆ

ಮದ್ಯವ್ಯಸನವು ಬರಿಯ ದುರ್ಗುಣವಲ್ಲ. ದಿನವೂ ವರ್ಷಗಟ್ಟಲೆ ಕುಡಿದವನ ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಅಂತಹವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರಾಹೀನತೆಗಳು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಿಳಿಯದಂತಾಗುವುದು ಉಂಟು. ಇದು ಪ್ರಾಣಾಪಾಯದ ಸ್ಥಿತಿ. ಆದುದರಿಂದ ದೇವರ ಮುಂದೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಪದ್ಧತಿಯನ್ನು ಕೈಬಿಡಬೇಕು. ಆಣೆ ಮಾಡುವುದಾದರೆ ಮಾಡಲಿ, ಆದರೆ ಅದರ ಜೊತೆಗೆ ವೈದ್ಯರ ಸಲಹೆಯೂ ಇರಬೇಕು.

ಹಿಂದೆ ಫಿಟ್ಸ್ ಅಥವಾ ಭ್ರಮೆ ಬಂದಿದ್ದವರು, ಯಕೃತ್ತಿನ ರೋಗವುಳ್ಳವರು, ವೃದ್ಧರು ಹಾಗೂ ಸಾಯುವ ಮಾತನಾಡುವವರು ಆಸ್ಪತ್ರೆಗೆ ದಾಖಲಾಗುವುದೇ ಲೇಸು. ಉಳಿದವರಲ್ಲಿ ಬಹುಮಂದಿಗೆ, ಮನೆಯಲ್ಲಿ ನೋಡಿಕೊಳ್ಳುವವರು ಒಬ್ಬರಿದ್ದರೆ, ಹೊರರೋಗಿ ಚಿಕಿತ್ಸೆ ಸಾಕಾಗುತ್ತದೆ. ವೈದ್ಯರು ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಗಳನ್ನು ಕೊಟ್ಟು, ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಪ್ರಮಾಣವನ್ನು ಹಂತ ಹಂತವಾಗಿ ಇಳಿಸುತ್ತಾರೆ. ಜೊತೆಗೆ ಬಿ-1 ಜೀವಸತ್ವವನ್ನು ತಪ್ಪದೆ ಕೊಡುತ್ತಾರೆ. ಅಕ್ಕಿಯ ತೌಡಿನಲ್ಲಿ ಹೇರಳವಾಗಿರುವ ಈ ಸತ್ವವು ಕುಡುಕರ ದೇಹದಲ್ಲಿ ಬರಿದಾಗಿರುತ್ತದೆ. ಇದರ ಕೊರತೆಯಿಂದ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದಬಹುದು.

ಇಲ್ಲಿಗೆ ಮೊದಲ ಹಂತ ಮಾತ್ರ ಮುಗಿಯಿತು. ಗರಿಕೆಯನ್ನು ಒಮ್ಮೆ ಕುಂಟೆ ಹೊಡೆದು ತೆಗೆದರೆ ಹೊಲ ಶುದ್ಧವಾಯಿತೆಂದು ಯಾವ ರೈತನೂ ನಂಬುವುದಿಲ್ಲ. ಬೇರು ಉಳಿದಿರುತ್ತದೆ, ಹದವಾದೊಡನೆ ಮತ್ತೆ ಚಿಗುರುತ್ತದೆ. ಹಾಗೆಯೇ ಕುಡಿಯುವ ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಮುಂತಾದ ಔಷಧಿಗಳನ್ನು ವೈದ್ಯರು ಹೇಳಿದಷ್ಟು ತಿಂಗಳು ಸೇವಿಸಬೇಕು. ಆಪ್ತ ಸಮಾಲೋಚನೆಗೂ ಹೋಗಬೇಕು. ಮಧ್ಯೆ ಒಮ್ಮೆ ಎಡವಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬಾರದು. ಮರುದಿನವೇ ವೈದ್ಯರನ್ನು ಕಾಣಬೇಕು. ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಅನೇಕ ಮನೆಗಳಲ್ಲಿ ದೀಪ ಹಚ್ಚಿವೆ. ಆದರೆ ಶಿಬಿರ ಮುಗಿದ ನಂತರದ ತಿಂಗಳುಗಳ ಆರೈಕೆಯಿಲ್ಲದಿದ್ದರೆ ಆ ದೀಪಕ್ಕೆ ಎಣ್ಣೆಯಿಲ್ಲದಂತಾಗುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. 'ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿರಿ' ಎಂದು ಪುಡಿಗಳನ್ನು ಮಾರುವವರಿದ್ದಾರೆ. ಮದ್ಯ ಬಿಡಿಸಲು ಬಳಸುವ ಡೈಸಲ್ಫಿರಾಂ ಎಂಬ ಔಷಧಿಯಿದ್ದು, ಅದನ್ನು ಸೇವಿಸಿದವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯಬಹುದು. ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಇದು ಉಪಯುಕ್ತ. ಗುಟ್ಟಾಗಿ ಬೆರೆಸಿದರೆ ಕೊಲೆಗೆ ಸಮಾನ. ಹೆಸರು ತಿಳಿಯದ ಕೀಟನಾಶಕವನ್ನು ಬೆಳೆಗೆ ಸಿಂಪಡಿಸಲು ಒಪ್ಪದ ರೈತನು ಹೆಸರಿಲ್ಲದ ಪುಡಿಯನ್ನು ಅನ್ನಕ್ಕೆ ಬೆರೆಸುವುದು ಸರಿಯೆ?

ಖಿನ್ನತೆ ಮತ್ತು ಆತಂಕ

ಮಳೆ ಕೈಕೊಟ್ಟಾಗ, ಬೆಲೆ ಕುಸಿದಾಗ ಮನಸ್ಸಿಗೆ ಬೇಸರವಾಗುವುದು ಸಹಜ. ಅದು ರೋಗವಲ್ಲ. ಆದರೆ ಎರಡು ವಾರಗಳಿಗೂ ಮೀರಿ ದಿನವೂ ಮನಸ್ಸು ಕುಗ್ಗಿದ್ದು, ಕೆಲಸದಲ್ಲಿ ಆಸಕ್ತಿಯಿಲ್ಲದೆ, ನಿದ್ರೆ ಹಸಿವುಗಳು ಕೆಟ್ಟು, ಬದುಕಿ ಫಲವಿಲ್ಲವೆಂಬ ಯೋಚನೆ ಬರುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. ಹೆಂಗಸರಲ್ಲಿ ಇದು ತಲೆನೋವು, ಮೈಕೈ ನೋವು, ಸುಸ್ತು ಎಂಬ ರೂಪದಲ್ಲಿ ಬರುವುದೂ ಉಂಟು. ಅದನ್ನು ಗಾಳಿ ಸೋಕಿತೆಂದು ತಳ್ಳಿಹಾಕಬಾರದು.

ಸೌಮ್ಯವಾದ ಖಿನ್ನತೆಗೆ ಸಮಾಲೋಚನೆಯೇ ಸಾಕಾಗಬಹುದು. ತೀವ್ರವಾಗಿದ್ದರೆ ಮಾತ್ರೆಗಳು ಬೇಕಾಗುತ್ತವೆ. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡುವುದು ಬಿತ್ತಿದ ಮರುದಿನ ಮಣ್ಣು ಕೆದಕಿ ನೋಡಿದಂತೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆಗಳು ಮದ್ಯದಂತೆ ಚಟ ಹಿಡಿಸುವಂತಹವಲ್ಲ. ಆದರೆ ಅಂಗಡಿಯಲ್ಲಿ ಸ್ವಂತವಾಗಿ ಕೊಂಡು ತಿನ್ನುವ ಕೆಲವು ನಿದ್ರೆ ಮಾತ್ರೆಗಳು ಚಟವಾಗುತ್ತವೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ನೆರೆಯ ಗೋವಾದ ಪ್ರಾತ್ಯಕ್ಷಿಕೆ

ಹೊಸ ತಳಿಯನ್ನು ಶಿಫಾರಸು ಮಾಡುವ ಮುನ್ನ ನಾವು ಪಕ್ಕದಲ್ಲಿ ಹತೋಟಿ ತಾಕನ್ನಿಟ್ಟು ಹೋಲಿಸುತ್ತೇವೆ. ಅಂತಹ ಪರೀಕ್ಷೆಯೇ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು, ಫಲಿತಾಂಶವು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ತೀವ್ರ ಖಿನ್ನತೆಯುಳ್ಳವರೊಡನೆ ಆರರಿಂದ ಎಂಟು ಬಾರಿ ಕುಳಿತು ಮಾತನಾಡಿದರು, ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವಂತೆ ನೆರವಾದರು. ಮೂರು ತಿಂಗಳ ನಂತರ ಈ ಗುಂಪಿನಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ವೈದ್ಯರ ಸಾಮಾನ್ಯ ಆರೈಕೆ ಮಾತ್ರ ದೊರೆತ ಗುಂಪಿನಲ್ಲಿ ಇದು 39. ಹಾನಿಕರ ಮಟ್ಟದಲ್ಲಿ ಕುಡಿಯುತ್ತಿದ್ದ ಗಂಡಸರಲ್ಲಿ ಒಂದರಿಂದ ನಾಲ್ಕು ಸಮಾಲೋಚನೆಗಳ ನಂತರ ಸುಧಾರಿಸಿದವರು 36, ಇನ್ನೊಂದು ಗುಂಪಿನಲ್ಲಿ 26.

ಈ ಅಂಕಿಗಳಲ್ಲಿ ಪವಾಡವೇನೂ ಇಲ್ಲ. ಎಲ್ಲರೂ ಗುಣವಾಗಲಿಲ್ಲ. ಕುಡಿತದಲ್ಲಿ ವ್ಯತ್ಯಾಸ ಇನ್ನೂ ಕಡಿಮೆ. ಆದರೆ ಊರಿನ ಆಸ್ಪತ್ರೆಯಲ್ಲಿ, ಕಡಿಮೆ ಖರ್ಚಿನಲ್ಲಿ, ನೂರಕ್ಕೆ 25 ಮಂದಿ ಹೆಚ್ಚಾಗಿ ಖಿನ್ನತೆಯಿಂದ ಹೊರಬರುವ ಪದ್ಧತಿಯನ್ನು ಅಲಕ್ಷಿಸಲಾಗದು.

ಸಾಲ ತೀರಿಸದ ಮಾತ್ರೆ

'ಬೆಲೆ ಕೊಡಿ, ಸಾಲ ಮನ್ನಾ ಮಾಡಿ. ದುಃಖ ತಾನಾಗಿ ಹೋಗುತ್ತದೆ. ಮಾತ್ರೆ ನುಂಗಿದರೆ ಸಾಲ ತೀರುವುದೆ?' ಎಂದು ರೈತ ಮುಖಂಡರು ಕೇಳುವುದುಂಟು. ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಮಾತ್ರೆಯಿಂದ ಸಾಲ ತೀರುವುದಿಲ್ಲ. ರೈತನ ಕಷ್ಟಕ್ಕೆಲ್ಲ ಮನೋರೋಗವೆಂದು ಹೆಸರಿಟ್ಟು ಸರ್ಕಾರವು ಬೆಲೆಯ ಹೊಣೆಯಿಂದ ಜಾರಿಕೊಳ್ಳಲೂ ಬಾರದು. ಆದರೆ ಮೂರು ತಿಂಗಳಿಂದ ನಿದ್ರೆಯಿಲ್ಲದವನು ಬ್ಯಾಂಕಿಗೆ ಹೋಗಿ ಸಾಲದ ಮರುಹೊಂದಾಣಿಕೆಗೆ ಅರ್ಜಿ ಬರೆಯಲಾರ, ಬೆಳೆ ವಿಮೆಯ ಗಡುವನ್ನು ನೆನಪಿಡಲಾರ. ಎರಡೂ ಬೇಕು. ಒಂದು ಬರಲೆಂದು ಇನ್ನೊಂದನ್ನು ತಡೆದರೆ ನಷ್ಟ ರೈತನದೇ.

ನಿಷೇಧವೊಂದೇ ಸಾಕೆನ್ನುವವರೂ ಇದ್ದಾರೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಂತಿತೆಂದು ಯಾರೂ ಹೇಳಲಾರರು. ಅಂಗಡಿಯನ್ನು ಆಜ್ಞೆಯಿಂದ ಮುಚ್ಚಬಹುದು, ವ್ಯಸನವನ್ನು ಚಿಕಿತ್ಸೆಯಿಂದಲೇ ಬಿಡಿಸಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಜಿಲ್ಲಾಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲೂ ಹೊರರೋಗಿ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಹಣ ಕೊಡದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗಾಗಿಯೇ 14446 ಎಂಬ ಸಂಖ್ಯೆಯಿದೆ.

ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಪೊಲೀಸರ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡ ಮಾಡುವುದುಂಟು. ಈ ಭಯ ಈಗ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅಂತಹವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ದಂಡ ಸಂಹಿತೆಯಲ್ಲಿ ಹಳೆಯ 309ನೆಯ ಕಲಮನ್ನು ಉಳಿಸಿಲ್ಲ.

ನನ್ನ ಕ್ಷೇತ್ರಕ್ಕೆ ಸೇರಿದ ಒಂದು ಮಾತು. ಕೀಟನಾಶಕವನ್ನು ಮಲಗುವ ಕೋಣೆಯಲ್ಲಾಗಲಿ, ಅಟ್ಟದ ಮೇಲಾಗಲಿ ಇಡಬಾರದು. ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಜವಾಬ್ದಾರಿಯುತರ ಬಳಿ ಇರಿಸಬೇಕು. ಬೇಕಾದಷ್ಟನ್ನು ಮಾತ್ರ ಕೊಳ್ಳಬೇಕು. ಶ್ರೀಲಂಕಾ ದೇಶವು ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ 70ರಷ್ಟು ತಗ್ಗಿತು. ಈ ನಿಷೇಧಗಳಿಂದ ಬೆಳೆಯ ಇಳುವರಿಯೇನೂ ಕುಸಿಯಲಿಲ್ಲ. ಹತಾಶೆಯ ಗಳಿಗೆ ಬಹುಪಾಲು ಕಳೆದುಹೋಗುವಂತಹದು. ಆ ಗಳಿಗೆಯಲ್ಲಿ ವಿಷ ಕೈಗೆಟುಕದಿದ್ದರೆ ಒಂದು ಜೀವ ಉಳಿಯುತ್ತದೆ.

ಇಲಾಖೆಗಳು ಮಾಡಬೇಕಾದುದು

ರೈತ ಸಂಪರ್ಕ ಕೇಂದ್ರ, ಹಾಲು ಉತ್ಪಾದಕರ ಸಂಘ, ಸಹಕಾರಿ ಬ್ಯಾಂಕು ಇವುಗಳ ಫಲಕಗಳಲ್ಲಿ ಬಿತ್ತನೆ ಬೀಜದ ದರದ ಪಕ್ಕದಲ್ಲೇ ಮನೋವೈದ್ಯರು ಬರುವ ದಿನವನ್ನೂ ಬರೆಯಬೇಕು. ಕೃಷಿ ಸಹಾಯಕರಿಗೆ ಖಿನ್ನತೆಯ ಲಕ್ಷಣಗಳನ್ನು ಗುರುತಿಸುವ ಒಂದು ದಿನದ ತರಬೇತಿ ಕೊಡಬೇಕು. ಕೃಷಿ ಮೇಳಗಳಲ್ಲಿ ಟ್ರ್ಯಾಕ್ಟರ್ ಮಳಿಗೆಗಳ ನಡುವೆ ಸಮಾಲೋಚಕರಿಗೂ ಒಂದು ಮಳಿಗೆ ಇರಲಿ. ಆರೋಗ್ಯ ಇಲಾಖೆಯು ಪ್ರಾಥಮಿಕ ಕೇಂದ್ರಗಳಲ್ಲಿ ಈ ಔಷಧಿಗಳು ತಪ್ಪದೆ ದೊರೆಯುವಂತೆ ನೋಡಿಕೊಳ್ಳಬೇಕು. ಕೂಲಿ ಬಿಟ್ಟು ಬಂದ ರೋಗಿ ಎರಡು ಬಾರಿ ಬರಿಗೈಯಲ್ಲಿ ಮರಳಿದರೆ ಮೂರನೆಯ ಬಾರಿ ಬರಲಾರ.

ರೈತ ಬಾಂಧವರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂತಹವರಿದ್ದರೆ ಬುದ್ಧಿ ಹೇಳುವ ಮೊದಲು ಜೊತೆಗೆ ಬಸ್ಸು ಹತ್ತಿರಿ. ಒಬ್ಬನೇ ಹೋಗಲು ನಾಚುವವನು ಜೊತೆಯವರಿದ್ದರೆ ಹೋಗುತ್ತಾನೆ. ಮುಂಗಾರಿನ ಬಿತ್ತನೆಗೆ ಮುಯ್ಯಾಳಾಗಿ ಬರುವ ಊರು ಈ ಕೆಲಸಕ್ಕೂ ಮುಯ್ಯಾಳಾಗಿ ಬರಲಿ.