ಜಿನುಗುವ ಲೋಳೆ

ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿ ಫ್ರಾಂಕ್ ಜೆರೋ ಎಂಬ ಶಸ್ತ್ರವೈದ್ಯನು ಒಮ್ಮೆ ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅಂಗೈಯಲ್ಲಿ ಅದುಮಿ ನೋಡಿದನಂತೆ. ಅದರ ಮೃದುತ್ವ ಆತನಿಗೆ ಸ್ತ್ರೀಯ ಸ್ತನವನ್ನು ನೆನಪಿಗೆ ತಂದಿತು. ಸಿಲಿಕೋನಿನ ಕೃತಕ ಸ್ತನ ಹುಟ್ಟಿದ ಕಥೆ ಇದು. ಜೆರೋ ಮತ್ತು ಆತನ ಸಹೋದ್ಯೋಗಿ ಥಾಮಸ್ ಕ್ರೋನಿನ್ ಅದನ್ನು ಮೊದಲು ನಾಯಿಯೊಂದರ ಮೈಯಲ್ಲಿ ಹುದುಗಿಸಿ ನೋಡಿದರು. 1962ರಲ್ಲಿ ಆರು ಮಕ್ಕಳ ತಾಯಿಯೊಬ್ಬಳಿಗೆ ಅಳವಡಿಸಿದರು. ಆಕೆ ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳಲು. ಆಕೆ ಸರಿಪಡಿಸಿಕೊಳ್ಳಬಯಸಿದ್ದು ತನ್ನ ಕಿವಿಗಳನ್ನು! ವೈದ್ಯರು ಅದಕ್ಕೂ ಒಪ್ಪಿದರು.

ಒಂದು ನಾಯಿಯಿಂದ ಲಕ್ಷಾಂತರ ಸ್ತ್ರೀಯರವರೆಗೆ ಸಾಗಿದ ಈ ದಾರಿಯಲ್ಲಿ, ಒಳಗಿನ ಲೋಳೆ ಹೊರಬಂದರೆ ಏನಾದೀತೆಂಬ ಪ್ರಶ್ನೆಗೆ ಉತ್ತರ ಹುಡುಕುವ ಅವಸರ ಯಾರಿಗೂ ಇರಲಿಲ್ಲ. ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಕಾನೂನು ಅಲ್ಲಿ ಬಂದದ್ದೇ 1976ರಲ್ಲಿ. ಆಗಲೇ ಮಾರುಕಟ್ಟೆಯಲ್ಲಿದ್ದ ಕೃತಕ ಸ್ತನಗಳಿಂದ ಅದು ಕೂಡಲೇ ಪುರಾವೆ ಕೇಳಲಿಲ್ಲ.

ಲೋಳೆ ಹೊರಬರುವ ಬಗೆ ಎರಡು. ರಬ್ಬರಿನಂಥ ಹೊದಿಕೆ ಹರಿಯದಿದ್ದರೂ ಅದರ ಮೂಲಕ ಸಿಲಿಕೋನಿನ ಸಣ್ಣ ಅಣುಗಳು ಮೆಲ್ಲನೆ ಜಿನುಗುತ್ತವೆ. ಇನ್ನೊಂದು, ಕಾಲಕ್ರಮದಲ್ಲಿ ಹೊದಿಕೆಯೇ ಸೀಳುವುದು. ಚೀಲದ ಸುತ್ತ ದೇಹ ತಾನೇ ನಾರಿನ ಕವಚವೊಂದನ್ನು ಹೆಣೆದಿರುತ್ತದೆಯಾದ್ದರಿಂದ ಸೋರಿದ ಲೋಳೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ನೋವಿಲ್ಲ, ಆಕಾರ ಕೆಡುವುದಿಲ್ಲ, ಹೊತ್ತವಳಿಗೇ ಸುಳಿವಿರುವುದಿಲ್ಲ. ಕವಚವನ್ನೂ ದಾಟಿದರೆ ಗಂಟುಗಳು ಕಟ್ಟಬಹುದು, ಕಂಕುಳಿನ ದುಗ್ಧಗ್ರಂಥಿಗಳು ಊದಿಕೊಳ್ಳಬಹುದು.

ಕೀಲುನೋವು, ಮೈಬಿಗಿತ, ತೀರದ ಬಳಲಿಕೆ ಎಂದು ಸ್ತ್ರೀಯರು ದೂರತೊಡಗಿದ ಮೇಲೆ, 1992ರಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು ಇವುಗಳ ಬಳಕೆಯನ್ನು ಬಹುವಾಗಿ ನಿರ್ಬಂಧಿಸಿತು. ಅವು ಅಪಾಯಕರವೆಂದು ಅದು ಸಾರಲಿಲ್ಲ. ನಿರಪಾಯವೆಂಬುದಕ್ಕೆ ತಯಾರಕರು ಸಾಕಷ್ಟು ಪುರಾವೆ ಒದಗಿಸಿಲ್ಲವೆಂದಿತು. ಮೂವತ್ತು ವರ್ಷ ಮಾರಿದ ಬಳಿಕವೂ ಪುರಾವೆಯಿಲ್ಲ! ದಾವೆಗಳ ಭಾರಕ್ಕೆ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಆದರೆ 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಸಂಧಿವಾತದಂಥ ರೋಗಗಳಿಗೆ ಸಿಲಿಕೋನ್ ಕಾರಣವೆಂಬುದಕ್ಕೆ ಆಧಾರ ಕಾಣಲಿಲ್ಲ. ಸೀಳುವುದು, ಗಟ್ಟಿಯಾಗುವುದು, ಮತ್ತೆ ಶಸ್ತ್ರಕ್ರಿಯೆ ಬೇಕಾಗುವುದು, ಇವೇ ನಿಜವಾದ ತೊಂದರೆಗಳೆಂದು ಅದರ ತೀರ್ಮಾನ. 2006ರಲ್ಲಿ ಮಾರಾಟಕ್ಕೆ ಮತ್ತೆ ಅನುಮತಿ ದೊರೆಯಿತು.

ಫ್ರಾನ್ಸಿನದು ಬೇರೆಯೇ ಕಥೆ. ಅದು ಶುದ್ಧ ವಂಚನೆ. ಪಿ.ಐ.ಪಿ. ಎಂಬ ಕಂಪನಿ ವೈದ್ಯಕೀಯಕ್ಕೆ ಒಪ್ಪಿಗೆಯಿಲ್ಲದ ಕೈಗಾರಿಕಾ ಸಿಲಿಕೋನನ್ನು ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಮಾರನೆಯ ವರ್ಷ ಅಲ್ಲಿನ ಸರಕಾರ ಸುಮಾರು 30,000 ಸ್ತ್ರೀಯರಿಗೆ ಅವನ್ನು ತೆಗೆಸಿಕೊಳ್ಳುವಂತೆ ಸಲಹೆ ನೀಡಿತು. ಸಂಸ್ಥಾಪಕ ಜಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಸೆರೆವಾಸ ವಿಧಿಸಲಾಯಿತು.

ಈ ನಡುವೆ, ಒರಟು ಮೇಲ್ಮೈಯ ಚೀಲಗಳ ಸುತ್ತಣ ಕವಚದಲ್ಲಿ ವಿರಳವಾದ ದುಗ್ಧಕೋಶ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಸ್ಪಷ್ಟವಾಯಿತು. ಬಳಲಿಕೆ, ಕೀಲುನೋವುಗಳ ದೂರೂ ನಿಂತಿಲ್ಲ. ಚೀಲ ತೆಗೆಸಿದ ಮೇಲೆ ಹಗುರವಾಯಿತೆನ್ನುವವರು ಹಲವರು. ಅವರ ಮಾತನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. 2021ರಲ್ಲಿ ಅಮೆರಿಕೆಯ ಆಡಳಿತ ಇವೆಲ್ಲವನ್ನೂ ಎಚ್ಚರಿಕೆಯ ಪಟ್ಟಿಯಲ್ಲಿ ಸೇರಿಸಿ, ಈ ಚೀಲಗಳು ಆಜೀವ ಬಾಳಿಕೆಯವಲ್ಲವೆಂದು ಮುದ್ರಿಸಲು ವಿಧಿಸಿತು. ಅಳವಡಿಸಿದ ಐದಾರು ವರ್ಷಕ್ಕೆ ಮೊದಲ ಸಲ, ಅಲ್ಲಿಂದಾಚೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಇಲ್ಲವೆ ಎಂ.ಆರ್.ಐ. ಪರೀಕ್ಷೆ ಮಾಡಿಸಬೇಕೆಂಬುದು ಅದರ ಸಲಹೆ.

ಹ್ಯೂಸ್ಟನ್ನಿನ ಆ ಮೊದಲ ಸ್ತ್ರೀಯನ್ನು ಪತ್ರಕರ್ತರು 2012ರಲ್ಲಿ ಹೋಗಿ ಕಂಡರು. ಆಕೆಗೆ ಆಗ ಎಂಬತ್ತು ವರ್ಷ. ಐವತ್ತು ವರ್ಷ ಹಿಂದಿನ ಆ ಚೀಲಗಳು ಇನ್ನೂ ಆಕೆಯ ಎದೆಯಲ್ಲಿಯೇ ಇದ್ದವು.