ವಿದ್ವಾಂಸನ ಬಲಗೈ

ಯೂರೋಪಿನ ಯಾವುದಾದರೊಂದು ಸಂಗೀತ ವಿದ್ಯಾಲಯದಲ್ಲಿ ಬಾಲ್ಯದಿಂದಲೂ ಶಾಸ್ತ್ರೋಕ್ತವಾಗಿ ಪಿಟೀಲನ್ನು ಅಭ್ಯಸಿಸಿ, ಕ್ರಾಯ್ಟ್ಸರನ 42 ಅಭ್ಯಾಸಕೃತಿಗಳನ್ನು ಅರೆದು ಕುಡಿದು, ಬಾಖನ ಏಕವಾದ್ಯ ರಚನೆಗಳನ್ನು ಸಭೆಯಲ್ಲಿ ನುಡಿಸಿ ಸೈ ಎನ್ನಿಸಿಕೊಂಡ ವಾದಕನೊಬ್ಬನು ಐರ್ಲೆಂಡಿನ ಹಳ್ಳಿಗಾಡಿನ ರೀಲ್ ಎಂಬ ಕುಣಿತದ ಮಟ್ಟೊಂದನ್ನು ನುಡಿಸತೊಡಗಿದಾಗ, ಒಂದು ಸ್ವರವೂ ತಪ್ಪದೆ, ಶ್ರುತಿ ಕೂದಲೆಳೆಯಷ್ಟೂ ಜಾರದೆ ಇದ್ದಾಗ್ಯೂ ಆ ವಾದನವು ನಿರ್ಜೀವವಾಗಿ ಕೇಳಿಸುವುದೇಕೆ? ಜನಪದ ಸಂಗೀತಕ್ಕೆ ಬೇಕಾದದ್ದು ಹೃದಯವೇ ಹೊರತು ವಿದ್ಯೆಯಲ್ಲವೆಂದು ಭಾವುಕರು ಉತ್ತರ ಕೊಡುವುದುಂಟು. ಉತ್ತರವೇನೋ ಕಿವಿಗೆ ಹಿತವಾಗಿದೆ. ಆದರೆ ಹಳ್ಳಿಯ ವಾದಕನಿಗೆ ವಿದ್ಯೆಯಿಲ್ಲವೆಂದೂ ಪಟ್ಟಣದ ವಾದಕನಿಗೆ ಹೃದಯವಿಲ್ಲವೆಂದೂ ಒಂದೇ ಉಸಿರಿನಲ್ಲಿ ತೀರ್ಪಿತ್ತು ಇಬ್ಬರಿಗೂ ಅನ್ಯಾಯವೆಸಗುತ್ತದೆ. ನನ್ನ ಮತದಲ್ಲಿ ಕೊರತೆಯಿರುವುದು ಹೃದಯದಲ್ಲಲ್ಲ, ಬಲಗೈಯಲ್ಲಿ. ಕಮಾನು ಹಿಡಿದ ಆ ಕೈ ಒಂದು ವಿದ್ಯೆಯಲ್ಲಿ ಪಾರಂಗತವಾಗಿದೆ. ಇನ್ನೊಂದು ವಿದ್ಯೆಯಲ್ಲಿ ಅದಕ್ಕೆ ಇನ್ನೂ ಅಕ್ಷರಾಭ್ಯಾಸವೇ ಆಗಿಲ್ಲ.

ಶಾಸ್ತ್ರೀಯ ಪದ್ಧತಿಯ ಆದರ್ಶವೇನೆಂದರೆ, ಕಮಾನು ಬುಡದಿಂದ ತುದಿಯವರೆಗೆ ಸಾಗುವಾಗ ನಾದವು ಏಕರೂಪವಾಗಿರಬೇಕು, ಅದು ದಿಕ್ಕು ಬದಲಿಸಿದ್ದು ಕೇಳುವವನ ಗಮನಕ್ಕೇ ಬರಕೂಡದು. ಆ ಸಂಧಿಯನ್ನು ಮರೆಮಾಚುವುದಕ್ಕಾಗಿ ವರ್ಷಗಟ್ಟಲೆ ಸಾಧನೆ ನಡೆಯುತ್ತದೆ. ರೀಲಾದರೋ ಕುಣಿಯುವವರಿಗಾಗಿ ಹುಟ್ಟಿದ್ದು. ತಾಳವಾದ್ಯವಿಲ್ಲದ ರೈತನ ಅಡುಗೆಮನೆಯಲ್ಲಿ ಕಮಾನೇ ಮೃದಂಗದ ಕೆಲಸವನ್ನೂ ಮಾಡಬೇಕಾಗಿದ್ದಿತು. ಆದ್ದರಿಂದ ಒಬ್ಬನು ಮರೆಮಾಚಲು ಶ್ರಮಿಸಿದ ಸಂಧಿಯಲ್ಲಿಯೇ ಇನ್ನೊಬ್ಬನು ಲಯದ ಒತ್ತನ್ನು ಇಟ್ಟನು. ಬರಹದಲ್ಲಿ ರೀಲಿನ ಪ್ರತಿ ಆವರ್ತಕ್ಕೂ ಎಂಟು ಸಮಪ್ರಮಾಣದ ಸ್ವರಗಳು ಕಾಣುತ್ತವೆ. ನುಡಿಯುವಾಗ ಆ ಎಂಟೂ ಸಮವಲ್ಲ. ಒಂದೇ ಎಳೆತದಲ್ಲಿ ಕೂಡಿಸಿದ ಸ್ವರಗುಚ್ಛವು ಒಂದು ಪೆಟ್ಟಿನ ಗಡಿಯನ್ನು ದಾಟಿ ಮುಂದಿನ ಪೆಟ್ಟಿನೊಳಕ್ಕೆ ಚಾಚಿಕೊಳ್ಳುತ್ತದೆ. ಒತ್ತು ನಿರೀಕ್ಷಿಸಿದಲ್ಲಿ ಬೀಳದೆ ಪಕ್ಕದಲ್ಲಿ ಬೀಳುತ್ತದೆ. ಪಾದ ನೆಲದಿಂದ ಏಳುವುದು ಆ ಗಳಿಗೆಯಲ್ಲಿ. ಇಷ್ಟಾದರೂ ಈ ಕ್ರಮ ನಾಡಿನಾದ್ಯಂತ ಒಂದೇ ಅಲ್ಲ. ಉತ್ತರದ ಡಾನಿಗಾಲಿನವರು ಒಂದೊಂದು ಸ್ವರಕ್ಕೆ ಒಂದೊಂದು ಚಿಕ್ಕ ಎಳೆತವನ್ನಿಟ್ಟು ಬಿರುಸಾಗಿ ನುಡಿಸುವರು. ಸ್ಲೈಗೊ ಶೈಲಿಯಲ್ಲಿ ಕೂಡಿಸಿದ ಎಳೆತಗಳ ಹಾರಾಟ ಹೆಚ್ಚು. ಪೂರ್ವ ಕ್ಲೇರಿನದು ಸಾವಧಾನದ, ತುಸು ವಿಷಾದವುಳ್ಳ ನಡೆ. ಕಾರ್ಕ್ ಮತ್ತು ಕೆರಿ ಪ್ರಾಂತಗಳ ಅಂಚಿನ ಶ್ಲೀವ್ ಲೂಕ್ರದಲ್ಲಿ ಪೋಲ್ಕಾ ಎಂಬ ಕುಣಿತದ ಮಟ್ಟುಗಳದೇ ರಾಜ್ಯ.

ಎಡಗೈಯ ವಿಚಾರ ಇಷ್ಟು ಕಠಿನವಲ್ಲ. ಬೆರಳುಗಳು ಬಹುಪಾಲು ಮೊದಲನೆಯ ಸ್ಥಾನವನ್ನು ಬಿಟ್ಟು ಕದಲುವುದಿಲ್ಲ. ಶಾಸ್ತ್ರೀಯ ವಾದಕನು ಅಭ್ಯಾಸಬಲದಿಂದ ಪ್ರತಿ ದೀರ್ಘಸ್ವರಕ್ಕೂ ಕೊಡುವ ಕಂಪನವನ್ನು ಇಲ್ಲಿ ಮಿತಗೊಳಿಸಬೇಕು, ಅಷ್ಟೆ. ರೋಲ್ ಎಂಬ ಅಲಂಕಾರವೊಂದು ಮಾತ್ರ ಅವನನ್ನು ವಂಚಿಸುತ್ತದೆ. ಮೂಲಸ್ವರ, ಮೇಲಿನದು, ಮತ್ತೆ ಮೂಲ, ಕೆಳಗಿನದು, ಮತ್ತೆ ಮೂಲ ಎಂದು ಐದಾಗಿ ಬರೆದಿರುವುದನ್ನು ಕಂಡು ಅವನು ಐದನ್ನೂ ಸ್ಫುಟವಾಗಿ ಉಚ್ಚರಿಸುತ್ತಾನೆ. ವಾಸ್ತವವಾಗಿ ಮೇಲಿನದು ಸ್ವರವೆನ್ನುವುದಕ್ಕಿಂತ ತಂತಿಯ ಮೇಲೆ ಬೆರಳಿನ ಒಂದು ಮಿಡಿತ. ಹಳೆಯ ವಾದಕರಲ್ಲಿ ಕೆಲವು ಸ್ವರಗಳು ಪಿಯಾನೋದ ಎರಡು ಮನೆಗಳ ನಡುವೆ ನಿಲ್ಲುವುದೂ ಉಂಟು. ಇದನ್ನು ಅಪಶ್ರುತಿಯೆಂದು ಪಾಶ್ಚಾತ್ಯ ಪಂಡಿತರು ಹುಬ್ಬೇರಿಸಬಹುದು. ಗಮಕದಲ್ಲಿ ಪಳಗಿದ ನಮ್ಮ ಕಿವಿಗೆ ಅದು ವಿಚಿತ್ರವೆನಿಸಬೇಕಾಗಿಲ್ಲ. ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಐರೋಪ್ಯ ಶಿಕ್ಷಕನಿಂದ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದ ಮೇಲೆ, ಆ ವಾದ್ಯವು ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತು, ಜಾರುಗಳನ್ನು ಕಲಿತು, ಮೈಸೂರಿನ ಚೌಡಯ್ಯನವರ ಕೈಯಲ್ಲಿ ಏಳು ತಂತಿಗಳನ್ನೂ ಧರಿಸಿತಲ್ಲವೆ! ಮರದ ಪೆಟ್ಟಿಗೆಗೆ ಯಾವ ಸಂಪ್ರದಾಯದ ಮೇಲೂ ಪಕ್ಷಪಾತವಿಲ್ಲ.

ಕಾಗದವನ್ನು ಬದಿಗಿಟ್ಟು ಕಿವಿಯಿಂದಲೇ ಕಲಿಯಬೇಕೆಂಬುದು ಐರಿಷ್ ಶಿಕ್ಷಕರ ಸಾಮಾನ್ಯ ಉಪದೇಶ. ಒತ್ತಿನ ಸೂಕ್ಷ್ಮವನ್ನು ಹಿಡಿದಿಡುವ ಲಿಪಿಯಿಲ್ಲವಾದ್ದರಿಂದ ಅದನ್ನು ಒಪ್ಪುತ್ತೇನೆ. ಆದರೆ ಬರಹವೇ ಈ ಸಂಪ್ರದಾಯಕ್ಕೆ ಮೈಲಿಗೆಯೆಂಬ ಮಡಿವಂತಿಕೆಯನ್ನು ಒಪ್ಪಲಾರೆ. ಷಿಕಾಗೋ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ, ಕಾರ್ಕ್ ಪ್ರಾಂತದ ಫ್ರಾನ್ಸಿಸ್ ಓನೀಲನು 1903ರಲ್ಲಿ 1,850 ಮಟ್ಟುಗಳ ಸಂಗ್ರಹವನ್ನು ಅಚ್ಚುಹಾಕಿಸದಿದ್ದರೆ ಅವುಗಳಲ್ಲಿ ಎಷ್ಟೋ ಮುದುಕರೊಂದಿಗೆ ಮಣ್ಣುಪಾಲಾಗುತ್ತಿದ್ದುವು. ಶ್ಲೀವ್ ಲೂಕ್ರದ ಪಾಡ್ರಿಗ್ ಓಕೀಫನು, ಶಾಲಾ ಉಪಾಧ್ಯಾಯ ವೃತ್ತಿ ತಪ್ಪಿದ ಮೇಲೆ ಊರೂರು ಅಲೆದು ಪಿಟೀಲಿನ ಪಾಠ ಹೇಳುತ್ತಿದ್ದವನು, ನಾಲ್ಕು ತಂತಿಗಳಿಗೆ ನಾಲ್ಕು ಅಂಕಣಗಳನ್ನೂ ಬೆರಳುಗಳಿಗೆ ಅಂಕಿಗಳನ್ನೂ ಕಲ್ಪಿಸಿ ತನ್ನದೇ ಲಿಪಿಯೊಂದನ್ನು ಶಿಷ್ಯರಿಗೆ ಬರೆದುಕೊಡುತ್ತಿದ್ದನು. ಅಲ್ಲದೆ ಕಿವಿಯ ಕಲಿಕೆಗೂ ಅದರದೇ ಅಪಾಯವುಂಟು. ಸ್ಲೈಗೊದ ಮೈಕೇಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಗ್ರಾಮಫೋನ್ ಮುದ್ರಿಕೆಗಳು ಕಡಲು ದಾಟಿ ತಾಯ್ನಾಡಿಗೆ ಬಂದಾಗ, ಅವನ ಅಸಾಧಾರಣ ಪ್ರತಿಭೆಗೆ ಮಾರುಹೋದ ಅನೇಕ ಊರುಗಳ ವಾದಕರು ಸ್ವಂತ ಪ್ರಾಂತದ ಶೈಲಿಯನ್ನು ತೊರೆದು ಸ್ಲೈಗೊದವರಾದರು. ಅವರು ಕಲಿತದ್ದು ಕಾಗದದಿಂದಲ್ಲ, ಕಿವಿಯಿಂದಲೇ.

ಹೀಗಿರುವಲ್ಲಿ ವಿದ್ವಾಂಸನು ಮಾಡತಕ್ಕದ್ದೇನು? ಕಲಿತದ್ದೆಲ್ಲವನ್ನೂ ಮರೆಯೆಂದು ಅವನಿಗೆ ಹೇಳುವುದು ನಿಷ್ಠುರವೂ ಹೌದು, ನಿಷ್ಪ್ರಯೋಜಕವೂ ಹೌದು, ಕೈ ಮರೆಯುವುದಿಲ್ಲ. ಎರಡು ದಿನಗಳ ಶಿಬಿರದಲ್ಲಿ ಹತ್ತು ಮಟ್ಟುಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುವ ಪದ್ಧತಿಯಂತೂ ನನಗೆ ಸರಿಕಾಣದು: ಮಟ್ಟು ಅವನಿಗೆ ಕ್ಷಣಾರ್ಧದಲ್ಲಿ ಬರುತ್ತದೆ, ಆ ಸುಲಭತೆಯೇ ಅವನ ದಾರಿಗೆ ಅಡ್ಡವಾಗುತ್ತದೆ. ಒಬ್ಬನೇ ಹಳೆಯ ವಾದಕನನ್ನು ಆರಿಸಿಕೊಂಡು, ಅವನ ಒಂದೇ ರೀಲನ್ನು, ಸ್ವರಗಳನ್ನು ಲೆಕ್ಕಿಸದೆ ಕಮಾನು ಎಲ್ಲೆಲ್ಲಿ ತಿರುಗುತ್ತದೆಂಬುದನ್ನಷ್ಟೇ ಗಮನಿಸುತ್ತ ತಿಂಗಳುಗಟ್ಟಲೆ ಆಲಿಸುವುದು ಮೇಲು.

ಇನ್ನೂ ಒಂದು ಮಾತಿದೆ. 1935ರ ಶಾಸನವು ಸಾರ್ವಜನಿಕ ನೃತ್ಯಕ್ಕೆ ಪರವಾನಗಿಯನ್ನು ಕಡ್ಡಾಯಮಾಡಿದ ತರುವಾಯ ಐರ್ಲೆಂಡಿನ ಮನೆಯಂಗಳದ ಕುಣಿತವು ಕ್ಷೀಣಿಸಿತು. ಇಂದು ಕುಣಿಯುವವರ ಮುಖವನ್ನೇ ಕಾಣದೆ ರೀಲನ್ನು ಕಲಿಯುವವರು ಅನೇಕರು. ಕ್ಲೇರ್ ಪ್ರಾಂತದ ಮಿಲ್ಟೌನ್ ಮಾಲ್ಬೇಯಲ್ಲಿ ವಾದಕ ವಿಲ್ಲಿ ಕ್ಲಾನ್ಸಿಯ ಸ್ಮರಣಾರ್ಥ 1973ರಲ್ಲಿ ಆರಂಭವಾದ ಬೇಸಗೆ ಶಾಲೆಯಲ್ಲಿ ವಾದ್ಯಗಳೊಂದಿಗೆ ನೃತ್ಯವನ್ನೂ ಕಲಿಸುತ್ತಾರೆ. ಅಲ್ಲಿಗೆ ಹೋಗುವ ವಿದ್ವಾಂಸರು ಮೊದಲ ವರ್ಷ ಪಿಟೀಲನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ನೃತ್ಯದ ತರಗತಿಗೆ ಹೆಸರು ಕೊಡಲಿ ಎಂಬುದು ನನ್ನ ಸಲಹೆ. ಮೊಣಕಾಲು ನೋಯುವುದು ನಿಶ್ಚಯ. ಒತ್ತು ಎಲ್ಲಿ ಬೀಳಬೇಕೆಂಬುದನ್ನು ಮೊಣಕಾಲಿನಿಂದ ಕಲಿತವನಿಗೆ ಎರಡನೆಯ ವರ್ಷ ಪಿಟೀಲಿನ ಶಿಕ್ಷಕನು ಹೇಳಬೇಕಾದದ್ದು ಅರ್ಧಕ್ಕರ್ಧ ಕಡಿಮೆಯಾದೀತು.