ಚಂದ್ರಯಾನದ ಚಿತ್ರಕಥೆಯಲ್ಲಿ ಒಂದು ಚಿಕ್ಕ ಪಾತ್ರ

ಚಿತ್ರಕಥೆಗಳನ್ನು ಓದುವ ಹುಡುಗರು ಕೆಟ್ಟುಹೋಗುತ್ತಾರೆಂಬ ಮಾತು ನಮ್ಮ ಹಿರಿಯರಲ್ಲಿ ಇಂದಿಗೂ ಉಂಟು. ಪಾಠಪುಸ್ತಕದ ನಡುವೆ ಬಣ್ಣದ ಹಾಳೆಗಳು ಕಾಣಿಸಿಕೊಂಡೊಡನೆ ಅದನ್ನು ಕಸಿದುಕೊಳ್ಳುವುದು ಅಧ್ಯಾಪಕರ ಧರ್ಮವೆಂದು ತಿಳಿಯಲಾಗಿದೆ. ನಾವೂ ಅದೇ ವೃತ್ತಿಯವರು. ಆದರೆ ಕೆಲವು ತಿಂಗಳ ಹಿಂದೆ ಕೆರೂರಿನಲ್ಲಿ ವಿದ್ಯಾರ್ಥಿಯೊಬ್ಬನ ಕೈಯಿಂದ ಇಂಥದೊಂದು ಪುಸ್ತಕವನ್ನು ತೆಗೆದುಕೊಂಡ ನಾವು, ಅದನ್ನು ಹಿಂದಿರುಗಿಸುವ ಮೊದಲು ಓದಿಯೂಬಿಟ್ಟೆವು. ಓದಿದ ಮೇಲೆ ಆ ಹುಡುಗ ಕೇಳಿದ ಒಂದು ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಚಿತ್ರಕಥೆ ಕನ್ನಡಿಗರಿಗೆ ಪರಕೀಯವಾದ ವಸ್ತುವಲ್ಲ. ‘ಅಮರ ಚಿತ್ರ ಕಥಾ’ ಮಾಲೆಯನ್ನು 1967ರಿಂದ ಸಂಪಾದಿಸಿ ದೇಶದ ಮನೆಮನೆಗೂ ಮುಟ್ಟಿಸಿದ ಅನಂತ ಪೈಯವರು ಕಾರ್ಕಳದವರು. 1964ರಲ್ಲಿ ಮೊದಲಾದ ‘ಇಂದ್ರಜಾಲ’ ಮಾಲೆ ವೇತಾಳನನ್ನೂ ಮಾಂಡ್ರೇಕನನ್ನೂ ನಮ್ಮವರಿಗೆ ಪರಿಚಯ ಮಾಡಿಸಿತು. ಗ್ರಹಾಂತರ ಸಂಚಾರಿಯಾದ ಫ್ಲಾಶ್ ಗಾರ್ಡನನೂ ಅದರಲ್ಲಿ ಬಂದುಹೋದನು. ಈ ಕಥೆಗಳಲ್ಲೆಲ್ಲ ಸಾಮಾನ್ಯವಾದ ಒಂದು ಲಕ್ಷಣವುಂಟು: ನಾಯಕನು ಒಬ್ಬನೇ, ಉಳಿದವರೆಲ್ಲ ಅವನ ಪರಾಕ್ರಮವನ್ನು ನೋಡಿ ಬೆರಗಾಗಲು ಬಂದವರು. ಅವರು ಎಲ್ಲಿಂದ ಬಂದರು, ಏನು ಓದಿದರು, ರಾತ್ರಿ ಯಾವ ಚಿಂತೆಯಿಂದ ನಿದ್ದೆಗೆಟ್ಟರು ಎಂಬುದನ್ನು ಯಾರೂ ಕೇಳುವುದಿಲ್ಲ.

ನಮ್ಮ ಕೈಗೆ ಸಿಕ್ಕ ಪುಸ್ತಕ ಹಾಗಿರಲಿಲ್ಲ. ಅದು ಬೆಲ್ಜಿಯಂ ದೇಶದ ಎರ್ಜೆ, ಅಂದರೆ ಜಾರ್ಜ್ ರೆಮಿ ಎಂಬ ಚಿತ್ರಕಾರ ರಚಿಸಿದ ಟಿನ್‌ಟಿನ್ನನ ಚಂದ್ರಯಾತ್ರೆ. ಈ ಕಥೆ 1950ರಲ್ಲಿ ವಾರಪತ್ರಿಕೆಯೊಂದರಲ್ಲಿ ಆರಂಭವಾಗಿ, 1953 ಮತ್ತು 1954ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಮೊದಲ ಕೃತಕ ಉಪಗ್ರಹ ಮೇಲೇರಿದ್ದು 1957ರಲ್ಲಿ. ಮಾನವನು ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಇದನ್ನು ನೆನೆದರೆ ಚಿತ್ರಕಾರನ ಪರಿಶ್ರಮ ಎಷ್ಟೆಂಬುದು ಗೊತ್ತಾಗುತ್ತದೆ.

ಭೌತವಿಜ್ಞಾನದ ದೃಷ್ಟಿಯಿಂದ ಈ ಕಥೆಯಲ್ಲಿ ಮೆಚ್ಚತಕ್ಕದ್ದೂ ಉಂಟು, ತಿದ್ದತಕ್ಕದ್ದೂ ಉಂಟು. ಯಂತ್ರ ನಡೆಯುತ್ತಿರುವಾಗ ಯಾತ್ರಿಕರು ನೆಲದ ಮೇಲೆಯೇ ನಿಂತಿರುತ್ತಾರೆ. ಅದು ನಿಂತೊಡನೆ ತೇಲತೊಡಗುತ್ತಾರೆ. ಇದು ಸರಿ. ಅರ್ಧ ದಾರಿಯಲ್ಲಿ ರಾಕೆಟ್ಟು ತಿರುಗಿ, ತನ್ನ ಬಾಲವನ್ನು ಚಂದ್ರನ ಕಡೆಗೆ ಮಾಡಿ ವೇಗ ತಗ್ಗಿಸಿಕೊಳ್ಳುವುದೂ ಸರಿ. ಭೂಮಿಯ ಗುರುತ್ವಕ್ಕೆ ಸಮನಾದ ವೇಗೋತ್ಕರ್ಷವನ್ನು ಎಡೆಬಿಡದೆ ಕಾಪಾಡಿಕೊಳ್ಳಬಲ್ಲ ರಾಕೆಟ್ಟಿದ್ದರೆ, 3,84,000 ಕಿಲೋಮೀಟರಿನ ದಾರಿ ಸುಮಾರು ಮೂರೂವರೆ ಗಂಟೆಗಳಲ್ಲಿ ಮುಗಿಯುತ್ತದೆಂಬುದನ್ನು ಪದವಿ ತರಗತಿಯ ಯಾವ ವಿದ್ಯಾರ್ಥಿಯೂ ಲೆಕ್ಕ ಹಾಕಿ ನೋಡಬಹುದು. ಚಂದ್ರನ ಗವಿಯೊಂದರಲ್ಲಿ ಹಿಮವಿರುವಂತೆ ಎರ್ಜೆ ಚಿತ್ರಿಸಿದಾಗ ಅದು ಕೇವಲ ಕಲ್ಪನೆಯಾಗಿತ್ತು. ನಮ್ಮ ಚಂದ್ರಯಾನ-1 ನೌಕೆಯ ಉಪಕರಣಗಳು ಚಂದ್ರನಲ್ಲಿ ನೀರಿನ ಅಣುಗಳ ಕುರುಹು ಕಂಡ ಸುದ್ದಿ ಹೊರಬಿದ್ದದ್ದು 2009ರಲ್ಲಿ. ಆದರೆ ಮದ್ಯದ ಅಮಲಿನಲ್ಲಿ ಹೊರಬಿದ್ದ ಕ್ಯಾಪ್ಟನ್ ಹ್ಯಾಡಾಕನನ್ನು ಅಡೋನಿಸ್ ಎಂಬ ಕ್ಷುದ್ರಗ್ರಹ ಸೆಳೆದು ತನ್ನ ಸುತ್ತ ತಿರುಗಿಸಿಕೊಳ್ಳುವ ಪ್ರಸಂಗವನ್ನು ಒಪ್ಪಲಾಗದು. ಸುಮಾರು ಅರ್ಧ ಕಿಲೋಮೀಟರ್ ಅಗಲದ ಅಂಥ ಬಂಡೆಯ ಸೆಳೆತದಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ ಅರ್ಧ ಮೀಟರಿನ ವೇಗವೂ ಬೇಡ. ಮೇಯುತ್ತ ಸಾಗುವ ಕುರಿಯೂ ಅದರ ಕೈಗೆ ಸಿಕ್ಕಲಾರದು.

ಇವೆಲ್ಲ ಸ್ವಾರಸ್ಯದ ಸಂಗತಿಗಳೇ. ಆದರೂ ಈ ಕಥೆಯಲ್ಲಿ ಮನಸ್ಸಿಗೆ ನಾಟುವುದು ರಾಕೆಟ್ಟಲ್ಲ, ನಾಯಕನೂ ಅಲ್ಲ. ಪ್ರೊಫೆಸರ್ ಕ್ಯಾಲ್ಕ್ಯುಲಸನ ಸಹಾಯಕನಾದ ಫ್ರಾಂಕ್ ವುಲ್ಫ್ ಎಂಬ ಇಂಜಿನಿಯರು. ಮೊದಲ ಸಂಪುಟದಲ್ಲಿ ಅವನು ಸೌಮ್ಯ, ವಿನಯಶೀಲ. ಪುಟದ ಮೂಲೆಯಲ್ಲಿ ನಿಂತಿರುವವನು. ಎರಡನೆಯದರಲ್ಲಿ ಅವನ ಹಿಂದಿನ ಬಾಳು ಬಯಲಾಗುತ್ತದೆ. ಅಮೆರಿಕದಲ್ಲಿ ರಾಕೆಟ್ ಕೆಲಸದಲ್ಲಿದ್ದಾಗ ಅವನಿಗೆ ಜೂಜಿನ ಚಟ ಹತ್ತಿತು. ಜೂಜಿನಿಂದ ಸಾಲವಾಯಿತು. ಸಾಲವನ್ನು ಹಿಡಿದು ಗೂಢಚಾರರು ಅವನನ್ನು ಬೆದರಿಸಿದರು. ಮೊದಲು ಕೇಳಿದ್ದು ಕೆಲವು ಮಾಹಿತಿಗಳನ್ನು ಮಾತ್ರ; ಕೊನೆಗೆ ರಾಕೆಟ್ಟಿನೊಳಗೆ ಜೋರ್ಗನ್ ಎಂಬ ಶತ್ರುವೊಬ್ಬ ಅವನ ನೆರವಿನಿಂದಲೇ ಅಡಗಿ ಕುಳಿತನು.

ಇಲ್ಲಿಂದ ಮುಂದೆ ಕಥೆಯನ್ನು ನಡೆಸುವುದು ಗಣಿತ. ಯಾತ್ರೆಗೆ ಸಿದ್ಧಪಡಿಸಿದ ಆಮ್ಲಜನಕ ನಾಲ್ವರಿಗಾಗಿ. ಥಾಮ್ಸನ್ ಜೋಡಿ ಅಚಾತುರ್ಯದಿಂದ ಒಳಗುಳಿದದ್ದರಿಂದ ಆರು ಜನರಾದರು. ಜೋರ್ಗನ್ ಸೇರಿ ಏಳಾದರು. ನಾಲ್ವರಿಗೆ 14 ದಿನ ಸಾಲುವ ವಾಯು ಏಳು ಮಂದಿಗೆ 8 ದಿನಕ್ಕೇ ಮುಗಿಯುತ್ತದೆ. ಇದು ಪ್ರಾಥಮಿಕ ಶಾಲೆಯ ವಿಲೋಮ ಪ್ರಮಾಣದ ಲೆಕ್ಕ. ಇಲ್ಲಿ ತಪ್ಪು ಉತ್ತರಕ್ಕೆ ಅಂಕ ಹೋಗುವುದಿಲ್ಲ, ಉಸಿರು ಹೋಗುತ್ತದೆ. ಹಿಂದಿರುಗುವ ದಾರಿಯಲ್ಲಿ ಜೋರ್ಗನ್ ಉಳಿದವರನ್ನು ಕೊಲ್ಲಹೊರಟಾಗ ವುಲ್ಫನೇ ಅವನನ್ನು ತಡೆಯುತ್ತಾನೆ. ಆ ಸೆಣಸಾಟದಲ್ಲಿ ಜೋರ್ಗನ್ ಸಾಯುತ್ತಾನೆ. ಆದರೂ ಗಾಳಿ ಸಾಲದು. ಎಲ್ಲರೂ ನಿದ್ರಿಸುತ್ತಿರುವಾಗ ವುಲ್ಫನು ಒಂದು ಚೀಟಿ ಬರೆದಿಟ್ಟು, ಬಾಗಿಲು ತೆರೆದು, ಶೂನ್ಯಕ್ಕೆ ಇಳಿದುಬಿಡುತ್ತಾನೆ.

ನಿಜವಾದ ಯಾನಗಳಲ್ಲಿಯೂ ಈ ಲೆಕ್ಕ ಎದುರಾಗದೆ ಇಲ್ಲ. ಮನುಷ್ಯನಿಗೆ ದಿನವೊಂದಕ್ಕೆ ಸುಮಾರು 0.84 ಕಿಲೋಗ್ರಾಂ ಆಮ್ಲಜನಕ ಬೇಕು. ಅವನು ಹೊರಬಿಡುವ ಇಂಗಾಲಾಮ್ಲ ವಾಯು ಸುಮಾರು ಒಂದು ಕಿಲೋಗ್ರಾಂ. 1970ರ ಏಪ್ರಿಲಿನಲ್ಲಿ ಅಪೊಲೊ-13ರ ಆಮ್ಲಜನಕದ ತೊಟ್ಟಿಯೊಂದು ಸ್ಫೋಟಗೊಂಡಾಗ, ಇಬ್ಬರಿಗೆ ಸುಮಾರು ಎರಡು ದಿನಕ್ಕೆಂದು ಮಾಡಿದ್ದ ಚಂದ್ರನೌಕೆಯಲ್ಲಿ ಮೂವರು ನಾಲ್ಕು ದಿನ ಬಾಳಬೇಕಾಯಿತು. ಆಮ್ಲಜನಕ ಸಾಕಷ್ಟಿತ್ತು, ವಿಷವಾಗಿ ಏರುತ್ತಿದ್ದದ್ದು ಇಂಗಾಲಾಮ್ಲ. ಒಂದು ನೌಕೆಯ ಶೋಧಕ ಡಬ್ಬಿಗಳು ಚೌಕ, ಇನ್ನೊಂದರ ತೂತುಗಳು ದುಂಡು. ಎಡ್ ಸ್ಮೈಲಿ ಮತ್ತು ಅವನ ಸಂಗಡಿಗರಾದ ಇಂಜಿನಿಯರುಗಳು ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿಗಳಿಂದ ಅವೆರಡನ್ನೂ ಜೋಡಿಸುವ ಉಪಾಯ ಕಂಡುಹಿಡಿದರು. ಯಾತ್ರಿಕರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಸ್ಮೈಲಿಯ ಹೆಸರು ಎಷ್ಟು ಮಂದಿಗೆ ಗೊತ್ತು? ಕಥೆಯಲ್ಲಾಗಲಿ ನಿಜದಲ್ಲಾಗಲಿ, ಯಾನದ ಅಳಿವು ಉಳಿವುಗಳು ಮೂಲೆಯಲ್ಲಿ ನಿಂತವರ ಕೈಯಲ್ಲಿರುತ್ತವೆ.

ನಮ್ಮ ವಿದ್ಯಾರ್ಥಿಯ ಪ್ರಶ್ನೆ ಇದಾಗಿತ್ತು: “ಸರ, ಈ ವುಲ್ಫ್ ಮೊದಲ ಎಲ್ಲಾ ಹೇಳಿಬಿಟ್ಟಿದ್ರ ಏನಾಗತಿತ್ರೀ?”

ಏನಾಗುತ್ತಿತ್ತು? ಪ್ರೊಫೆಸರನು ಸಿಟ್ಟಾಗುತ್ತಿದ್ದನು. ವುಲ್ಫನ ಕೆಲಸ ಹೋಗಬಹುದಿತ್ತು, ಶಿಕ್ಷೆಯೂ ಆಗಬಹುದಿತ್ತು. ಆದರೆ ಜೋರ್ಗನ್ ಒಳಗೆ ಬರುತ್ತಿರಲಿಲ್ಲ, ಯಾರೂ ಸಾಯಬೇಕಾಗುತ್ತಿರಲಿಲ್ಲ. ವುಲ್ಫನ ಕೊನೆಯನ್ನು ಮಹಾತ್ಯಾಗವೆಂದು ಹೊಗಳುವವರುಂಟು. ನಾವು ಆ ಮಾತನ್ನು ಒಪ್ಪೆವು. ಪ್ರಾಣ ಕೊಡುವುದರಿಂದ ತಪ್ಪು ತಿದ್ದಿದಂತಾಗುವುದಿಲ್ಲ. ಅವನು ಬದುಕಿದ್ದು ಒಪ್ಪಿಕೊಂಡಿದ್ದರೆ ತಿದ್ದಬಹುದಾಗಿತ್ತು. ಅವನು ತೆರೆಯಬೇಕಾಗಿದ್ದದ್ದು ರಾಕೆಟ್ಟಿನ ಬಾಗಿಲನ್ನಲ್ಲ, ಎಷ್ಟೋ ಮೊದಲು ಪ್ರೊಫೆಸರನ ಕೋಣೆಯ ಬಾಗಿಲನ್ನು.

ಚಿಕ್ಕ ಪಾತ್ರದ ಪೂರ್ವಕಥೆಯನ್ನು ಹೇಳುತ್ತ ಕುಳಿತರೆ ಸಾಹಸದ ಓಟ ಕುಂಟುತ್ತದೆಂದು ಕೆಲವರು ಆಕ್ಷೇಪಿಸುತ್ತಾರೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧ. ಪೂರ್ವಕಥೆ ಇಲ್ಲದೆ ವುಲ್ಫನು ಬರಿಯ ದ್ರೋಹಿ. ಅಂಥವನು ನಮ್ಮ ಬಂಧುವಲ್ಲವೆಂದು ಪುಟ ತಿರುವಿಬಿಡುತ್ತೇವೆ. ಪೂರ್ವಕಥೆ ತಿಳಿದ ಮೇಲೆ ಅವನು ನಮ್ಮೊಳಗೇ ಇರುವವನೆಂದು ಗೊತ್ತಾಗುತ್ತದೆ. ಸಣ್ಣದೊಂದು ತಪ್ಪು, ಅದನ್ನು ಮುಚ್ಚಲು ಮತ್ತೊಂದು. ವಿಜ್ಞಾನ ಕೆಡುವುದೂ ಇದೇ ಕ್ರಮದಿಂದ.

ಇದನ್ನು ನಾವು ಅನುಭವದಿಂದಲೇ ಬಲ್ಲೆವು. ವಿದ್ಯಾರ್ಥಿಯಾಗಿದ್ದಾಗ ನಾವೂ ಸರಳ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಅಳೆದೆವು. ಉತ್ತರ 9.4 ಬಂದಿತು. ಪುಸ್ತಕದಲ್ಲಿ 9.8 ಇದ್ದಿತು. ಆಂದೋಲನದ ಕಾಲವನ್ನು ಸ್ವಲ್ಪ ‘ಸರಿಪಡಿಸಿ’, ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ, 9.8 ಎಂದು ಬರೆದು ಪೂರ್ಣ ಅಂಕ ಪಡೆದೆವು. ಅನೇಕ ವರ್ಷಗಳ ಮೇಲೆ, ನಮ್ಮ ವಿದ್ಯಾರ್ಥಿನಿಯೊಬ್ಬಳು ತನಗೆ 9.4 ಬಂದಿದೆಯೆಂದು ಧೈರ್ಯವಾಗಿ ತೋರಿಸಿದಾಗ ಇಬ್ಬರೂ ಕುಳಿತು ಹುಡುಕಿದೆವು. ಅವಳು ದಾರವನ್ನು ಕೊಕ್ಕೆಯವರೆಗೆ ಮಾತ್ರ, 50 ಸೆಂಟಿಮೀಟರೆಂದು ಅಳೆದಿದ್ದಳು. ಗುಂಡಿನ ಮಧ್ಯದವರೆಗೆ ಅಳೆದರೆ 52 ಆಯಿತು. ಲೆಕ್ಕ 9.78ಕ್ಕೆ ಬಂದು ನಿಂತಿತು. ನಮ್ಮ ಸೀಮೆಯ ಅಕ್ಷಾಂಶಕ್ಕೆ ಅದೇ ಸರಿ. ನಾವು ಮುಚ್ಚಿದ್ದರಿಂದ ಕಲಿಯದೆ ಹೋದದ್ದನ್ನು ಅವಳು ತೋರಿಸಿದ್ದರಿಂದ ಒಂದು ಮಧ್ಯಾಹ್ನದಲ್ಲಿ ಕಲಿತಳು.

ಆದರೆ ಹೇಳುವವನು ಇದ್ದರಷ್ಟೆ ಸಾಲದು, ಕೇಳುವವರೂ ಇರಬೇಕು. ಅಮೆರಿಕದ ರೋಜರ್ ಬೊಯ್ಸ್‌ಜೋಲಿ ಎಂಬ ಇಂಜಿನಿಯರು, ಚಾಲೆಂಜರ್ ನೌಕೆಯ ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರು ಬಳೆಗಳು ನಂಬತಕ್ಕವಲ್ಲವೆಂದು 1985ರಲ್ಲಿಯೇ ಬರೆದು ಎಚ್ಚರಿಸಿದ್ದನು. ಹಾರಾಟದ ಹಿಂದಿನ ರಾತ್ರಿ ಚಳಿ ಹೆಚ್ಚಿದಾಗ ಅವನೂ ಅವನ ಜೊತೆಗಾರರೂ ಬೇಡವೆಂದು ವಾದಿಸಿದರು. ಮೇಲಿನವರು ಕಿವಿಗೊಡಲಿಲ್ಲ. 1986ರ ಜನವರಿ 28ರಂದು, ನೌಕೆ ಏರಿದ 73ನೆಯ ಸೆಕೆಂಡಿನಲ್ಲಿ ಅದು ಛಿದ್ರವಾಗಿ ಏಳು ಮಂದಿ ಮಡಿದರು. ತರುವಾಯ ರಿಚರ್ಡ್ ಫೈನ್‌ಮನ್ನರು ವಿಚಾರಣೆಯ ಮೇಜಿನ ಮೇಲೆಯೇ ರಬ್ಬರಿನ ತುಣುಕನ್ನು ಹಿಮದ ನೀರಿನಲ್ಲಿ ಅದ್ದಿ, ಅದು ಹಿಗ್ಗುವ ಗುಣವನ್ನು ಕಳೆದುಕೊಳ್ಳುವುದನ್ನು ಎಲ್ಲರಿಗೂ ತೋರಿಸಿದರು. ವುಲ್ಫನು ಹೇಳಲಿಲ್ಲ; ಬೊಯ್ಸ್‌ಜೋಲಿ ಹೇಳಿದನು, ಯಾರೂ ಕೇಳಲಿಲ್ಲ. ಫಲ ಎರಡೂ ಕಡೆ ಸಾವೇ. ಆದುದರಿಂದ ತಪ್ಪಾದ ಅಳತೆಗೆ ಬೈದು, ಕದ್ದು ಬರೆದ ಸರಿಯುತ್ತರಕ್ಕೆ ಅಂಕ ಕೊಡುವ ಅಧ್ಯಾಪಕರಾದ ನಮ್ಮ ಮೇಲೆಯೂ ಈ ಹೊಣೆಯುಂಟು.

ನಮ್ಮ ನಾಡಿನ ಆಕಾಶಯಾನದಲ್ಲಿಯೂ ಪೂರ್ವಕಥೆ ಹೇಳಿಸಿಕೊಳ್ಳದವರು ಬಹಳ. 1984ರ ಏಪ್ರಿಲ್ 3ರಂದು ಬಾಹ್ಯಾಕಾಶಕ್ಕೆ ಏರಿದ ರಾಕೇಶ ಶರ್ಮರನ್ನು ಎಲ್ಲರೂ ಬಲ್ಲರು. ಅವರೊಡನೆಯೇ ತರಬೇತಿ ಪಡೆದು, ಅವರಿಗೇನಾದರೂ ತೊಂದರೆಯಾದರೆ ತಾನು ಹೋಗಲು ಸಿದ್ಧರಾಗಿದ್ದು, ನೆಲದ ಮೇಲೆಯೇ ಉಳಿದ ರವೀಶ ಮಲ್ಹೋತ್ರರನ್ನು ಬಲ್ಲವರೆಷ್ಟು? 1975ರಲ್ಲಿ ಮೇಲೇರಿದ 360 ಕಿಲೋಗ್ರಾಮಿನ ‘ಆರ್ಯಭಟ’ವನ್ನು ಉಡುಪಿಯ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ತರುಣರ ಮುಖಗಳನ್ನು ಯಾವ ಚಿತ್ರಕಥೆ ಬರೆದಿದೆ? 2025ರಲ್ಲಿ ಶುಭಾಂಶು ಶುಕ್ಲರು ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳನ್ನೂ ಮೆಂತ್ಯವನ್ನೂ ಮೊಳಕೆಯೊಡೆಯಿಸಿದರು. ಆ ಪ್ರಯೋಗವನ್ನು ಸಿದ್ಧಪಡಿಸಿದವರು ನಮ್ಮ ನೆರೆಯ ಧಾರವಾಡದವರು.

ಈ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. ಕೆರೂರಿನಿಂದ ದೂರವಿಲ್ಲದ ಪಟ್ಟದಕಲ್ಲಿನಲ್ಲಿ, ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಿನೊಡನೆ, ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಇಳಕಲ್ಲ ಸೀರೆಯ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಒಂದೊಂದೇ ಕೊಂಡಿ ಹಾಕಿ ಜೋಡಿಸುವುದನ್ನು ನೋಡಿದವರಿಗೆ, ಕಾಣದ ಕೈಯೊಂದು ಒಂದು ಕೊಂಡಿ ತಪ್ಪಿಸಿದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಚಿತ್ರ ಬರೆಯಬಲ್ಲ, ಕಥೆ ಕಟ್ಟಬಲ್ಲ ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಕನ್ನಡದಲ್ಲಿ ಆಕಾಶಯಾನದ ಚಿತ್ರಕಥೆಗಳು ಬರಲಿ. ಆದರೆ ಅವುಗಳಲ್ಲಿ ನಾಯಕನೊಬ್ಬನೇ ಇರುವುದು ಬೇಡ. ಕವಾಟದ ತಿರುಪನ್ನು ಬಿಗಿಮಾಡುವವಳಿಗೂ ಒಂದು ಊರಿರಲಿ, ಒಂದು ತಾಯಿಯಿರಲಿ, ಒಂದು ಚಿಂತೆಯಿರಲಿ. ಕಥೆ ಬರೆಯಲು ಬಾರದವರು ಇಷ್ಟಾದರೂ ಮಾಡಬಹುದು: ಮುಂದಿನ ವಾರ ಪ್ರಯೋಗಶಾಲೆಯಲ್ಲಿ ನಿಮಗೆ 9.4 ಬಂದರೆ 9.4 ಎಂದೇ ಬರೆಯಿರಿ. ಬರೆದು, ನಮ್ಮ ಬಳಿಗೆ ತನ್ನಿರಿ.